ಮಾಸ್ಕ್ ಮಾಡಿದ ಇಂಟರಪ್ಟನ್ನು ವಾಪಸ್ ತೆರೆಯುವವರು ಯಾರು?

ಪುಣೆಯ ಭೋಸರಿಯಲ್ಲಿ ಒಂದು ಕಾರ್ಖಾನೆಯ ಟೆಸ್ಟ್ ಬೆಂಚ್ ನಾನು ನೋಡಿಕೊಳ್ಳುತ್ತೇನೆ. ಪಂಪುಗಳ ಒತ್ತಡದ ರೀಡಿಂಗ್ ಎಲ್ಲ ಒಂದು ಹಳೇ ಪಿಸಿಐ ಸೀರಿಯಲ್ ಕಾರ್ಡಿಗೆ ಬರುತ್ತವೆ. ಅದನ್ನು ಓದುವ ಸಾಫ್ಟ್‌ವೇರ್ ಹಳೇ 32 ಬಿಟ್ ಲಿನಕ್ಸ್ ಬಿಟ್ಟು ಬೇರೆಲ್ಲೂ ಓಡಲ್ಲ. ಹಾಗಾಗಿ ಆ ಲಿನಕ್ಸನ್ನು ಒಂದು ವಿಎಂಗೆ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಹಾಕಿ, ಕಾರ್ಡನ್ನು ವಿಎಫ್‌ಐಒ (ಹಾರ್ಡ್‌ವೇರನ್ನು ವಿಎಂಗೆ ಬಿಟ್ಟುಕೊಡುವ ಲಿನಕ್ಸ್ ವ್ಯವಸ್ಥೆ) ಮೂಲಕ ನೇರವಾಗಿ ಅದರ ಕೈಗೆ ಕೊಡೋಣ ಅಂದುಕೊಂಡೆವು. ಈಗಿನ ಕಾರ್ಡಾಗಿದ್ದರೆ ಅರ್ಧ ದಿನದ ಕೆಲಸ. ಎಂಎಸ್‌ಐ ಇದ್ದರೆ ಇಂಟರಪ್ಟ್ (ಕಾರ್ಡ್ 'ನನ್ನ ಕಡೆ ನೋಡು' ಅಂತ ಕೊಡುವ ಕರೆ) ಒಂದು ಸಂದೇಶದ ಥರ ಬಂದು ಹೋಗುತ್ತದೆ, ಹೋಸ್ಟ್, ಅಂದರೆ ಹೊರಗಿನ ನಿಜವಾದ ಯಂತ್ರ, ಅದನ್ನು ಗೆಸ್ಟಿಗೆ, ಅಂದರೆ ವಿಎಂಗೆ, ದಾಟಿಸಿ ಸುಮ್ಮನಾಗುತ್ತದೆ. ಆದರೆ ಇದು ಐಎನ್‌ಟಿಎಕ್ಸ್ ಕಾರ್ಡು, ಅಂದರೆ ಇಂಟರಪ್ಟಿಗೆ ಒಂದು ತಂತಿ (ಲೈನ್) ಬಳಸುವ ಹಳೇ ಬಗೆ. ಕಾಲಿಂಗ್ ಬೆಲ್ ಮೇಲೆ ಇಟ್ಟ ಬೆರಳನ್ನು ಬಾಗಿಲು ತೆಗೆಯುವವರೆಗೂ ಎತ್ತದೇ ನಿಂತವರ ಹಾಗೆ, ಡ್ರೈವರ್ ಬಂದು ಕೇಳುವ ತನಕ ಅದು ಲೈನ್ ಬಿಡಲ್ಲ.

ಆ ಡ್ರೈವರ್ ಇರುವುದು ಗೆಸ್ಟಿನ ಒಳಗೆ, ಇಂಟರಪ್ಟ್ ಬೀಳುವುದು ಹೋಸ್ಟಿನ ಮೇಲೆ. ಕಾರ್ಡನ್ನು ಸಮಾಧಾನ ಮಾಡುವುದು ಹೇಗೆ ಅಂತ ಹೋಸ್ಟಿಗೆ ಗೊತ್ತಿಲ್ಲ. ಹಾಗಾಗಿ ವಿಎಫ್‌ಐಒ ಮೊದಲು ಲೈನ್ ಮಾಸ್ಕ್ ಮಾಡುತ್ತದೆ (ಸದ್ಯಕ್ಕೆ ಮುಚ್ಚುತ್ತದೆ), ಆಮೇಲೆ ಗೆಸ್ಟಿಗೆ ಸುದ್ದಿ ಕಳಿಸುತ್ತದೆ. ಮಾಸ್ಕ್ ಮಾಡದಿದ್ದರೆ ಹೋಸ್ಟ್ ಅದೇ ಇಂಟರಪ್ಟಿನಲ್ಲಿ ಸುತ್ತುತ್ತಾ ಕೂರುತ್ತದೆ ಅಷ್ಟೇ.

ಮೊದಲನೇ ತಕರಾರು ವಿಎಂ ಶುರು ಮಾಡುವಾಗಲೇ ಬಂತು. ಡಿವೈಸ್ ಆರ್ ರಿಸೋರ್ಸ್ ಬ್ಯುಸಿ. ಪಿಸಿಐ ನಿಯಮಾವಳಿಯ 2.3 ಆವೃತ್ತಿ ಪಾಲಿಸುವ ಕಾರ್ಡಾದರೆ ಕಮಾಂಡ್ ರಿಜಿಸ್ಟರಿನ 10ನೇ ಬಿಟ್ಟಿನಿಂದ ಆ ಕಾರ್ಡಿನ ಇಂಟರಪ್ಟ್ ಮಾತ್ರ ಮುಚ್ಚಬಹುದು, ಲೈನ್ ಹಂಚಿಕೊಂಡ ಬೇರೆಯವರಿಗೆ ತೊಂದರೆ ಇಲ್ಲ. ನಮ್ಮ ಕಾರ್ಡಿಗೆ ಆ ಬಿಟ್ಟೇ ಇಲ್ಲ. ಆಗ ವಿಎಫ್‌ಐಒ ಇಡೀ ಲೈನನ್ನೇ ಬಂದ್ ಮಾಡಬೇಕು, ಹಾಗಾಗಿ ಆ ಲೈನ್ ತನ್ನೊಬ್ಬನಿಗೇ ಬೇಕು ಅಂತ ಕೇಳುತ್ತದೆ. ಹೋಸ್ಟಿನಲ್ಲಿ ಪ್ರೋಕ್ ಇಂಟರಪ್ಟ್ಸ್ ಫೈಲ್ ತೆರೆದು ನೋಡಿದರೆ ಅದೇ ಲೈನಿನಲ್ಲಿ ಯುಎಸ್‌ಬಿ ಕಂಟ್ರೋಲರ್ ಕೂತಿತ್ತು. ಗುರುವಾರ ಇಲ್ಲಿ ಹೇಗೂ ಕರೆಂಟ್ ತೆಗೆಯುತ್ತಾರೆ ಅಲ್ವಾ, ಆ ಹೊತ್ತಿನಲ್ಲಿ ಕಾರ್ಡನ್ನು ಪಕ್ಕದ ಸ್ಲಾಟಿಗೆ ಹಾಕಿದೆವು. ಸ್ಲಾಟ್ ಬದಲಾದರೆ ಸಾಮಾನ್ಯವಾಗಿ ಲೈನೂ ಬದಲಾಗುತ್ತದೆ. ವಿಎಂ ಎದ್ದಿತು.

ಎದ್ದಿತು, ಆದರೆ ರೀಡಿಂಗ್ ಮಧ್ಯೆ ಮಧ್ಯೆ ಹಾರುತ್ತಿದ್ದವು. ಬೆಂಚ್ ನಡೆಸುವ ಹುಡುಗ ವಿಜಯಪುರದವನು. ದಿನಾ ಫೋನು: "ಸರ್, ಮತ್ತ ಎರಡು ರೀಡಿಂಗ್ ನುಂಗ್ಯದ ನೋಡ್ರಿ." ಗೆಸ್ಟಿನ ಸೀರಿಯಲ್ ಅಂಕಿಅಂಶದಲ್ಲಿ ಓವರ್‌ರನ್ (ಓದುವ ಮೊದಲೇ ಬೈಟು ಕಳೆದುಹೋದ ಲೆಕ್ಕ) ಏರುತ್ತಾ ಇತ್ತು. ಲೆಕ್ಕ ಹಾಕಿ ನೋಡಿ. ಕಾರ್ಡಿನ 16550 ಸೀರಿಯಲ್ ಚಿಪ್ಪಿನ ಬಫರ್ 16 ಬೈಟ್. 1,15,200 ಬಾಡ್‌ನಲ್ಲಿ ಅದು ಸುಮಾರು 1.4 ಮಿಲಿಸೆಕೆಂಡಿಗೆ ತುಂಬುತ್ತದೆ. ಅಷ್ಟರಲ್ಲಿ ಗೆಸ್ಟ್ ಬಂದು ಖಾಲಿ ಮಾಡದಿದ್ದರೆ ಬೈಟು ಹೋಯಿತು.

ನನಗೆ ಸುಳಿವು ಸಿಕ್ಕಿದ್ದು ಎರಡೂ ಕಡೆಯ ಇಂಟರಪ್ಟ್ ಎಣಿಕೆಯನ್ನು ಪಕ್ಕಪಕ್ಕ ಇಟ್ಟಾಗ. ಗೆಸ್ಟಿನಲ್ಲಿ ಕಾಣುವುದಕ್ಕಿಂತ ಹೋಸ್ಟಿನಲ್ಲಿ ತುಂಬಾ ಜಾಸ್ತಿ. ಒಂದು ಇಂಟರಪ್ಟಿಗೆ ಹೋಸ್ಟ್ ಹಲವು ಸಲ ಏಳುತ್ತಿತ್ತು. ಯಾಕೆ ಅಂದರೆ, ಗೆಸ್ಟ್ ಕೆಲಸ ಮುಗಿಸಿದೆ ಅನ್ನುವ ಇಒಐ ಸೂಚನೆ ಕೆವಿಎಂ (ವಿಎಂ ಓಡಿಸುವ ಲಿನಕ್ಸ್ ಕರ್ನಲ್ ಭಾಗ) ಮೂಲಕ ವಿಎಫ್‌ಐಒಗೆ ತಲುಪುತ್ತಲೇ ಇರಲಿಲ್ಲ. ಆ ದಾರಿ ಇಲ್ಲದಿದ್ದಾಗ ಕ್ಯೂಎಂಯು (ಕರ್ನಲ್ ಹೊರಗಿದ್ದು ವಿಎಂನ ಉಳಿದ ಹಾರ್ಡ್‌ವೇರ್ ನಕಲಿಸುವ ಪ್ರೋಗ್ರಾಂ) ಒಂದು ಊಹೆ ಮಾಡುತ್ತದೆ: ಗೆಸ್ಟ್ ಕಾರ್ಡಿನ ಯಾವ ರಿಜಿಸ್ಟರ್ ಮುಟ್ಟಿದರೂ ಅದೇ ಅಕ್ನಾಲೆಜ್‌ಮೆಂಟ್ ಅಂದುಕೊಂಡು ಮಾಸ್ಕ್ ತೆಗೆಯುತ್ತದೆ. ನಮ್ಮ ಡ್ರೈವರ್ ಮೊದಲು ಸ್ಟೇಟಸ್ ಓದುತ್ತದೆ, ಆಮೇಲೆ ಬೈಟುಗಳನ್ನು ಒಂದೊಂದಾಗಿ ಎಳೆಯುತ್ತದೆ. ಸ್ಟೇಟಸ್ ಓದಿದ ತಕ್ಷಣ ಮಾಸ್ಕ್ ತೆಗೆದರೆ ಕಾರ್ಡ್ ಇನ್ನೂ ಲೈನ್ ಹಿಡಿದೇ ಇರುತ್ತದೆ, ಮತ್ತೆ ಇಂಟರಪ್ಟ್, ಮತ್ತೆ ಮಾಸ್ಕ್, ಮುಂದಿನ ಬೈಟು ಓದಿದರೆ ಮತ್ತೆ ಅದೇ ಕಥೆ. ಊಹೆಯಿಂದ ಕೆಲಸ ಕೆಡುವುದಿಲ್ಲ, ತಡ ಆಗುತ್ತದೆ. ನಮಗೆ ಇದ್ದದ್ದೇ 1.4 ಮಿಲಿಸೆಕೆಂಡ್.

ದಾರಿ ಯಾಕೆ ಇರಲಿಲ್ಲ ಅಂತ ಹುಡುಕಿದಾಗ ವಿಎಂ ಸೆಟ್ಟಿಂಗಿನಲ್ಲಿ ಕರ್ನಲ್ ಇರ್ಕ್‌ಚಿಪ್ 'ಸ್ಪ್ಲಿಟ್' ಅಂತ ಇತ್ತು. ಅಂದರೆ ಐಒಎಪಿಕ್ (ಇಂಟರಪ್ಟುಗಳನ್ನು ಹಂಚುವ ಚಿಪ್ಪಿನ ಸಾಫ್ಟ್‌ವೇರ್ ನಕಲು) ಕರ್ನಲ್‌ನಲ್ಲಿಲ್ಲ, ಕ್ಯೂಎಂಯು ಒಳಗಿದೆ. ವಿಎಂಗೆ ವರ್ಚುವಲ್ ಐಒಎಂಎಂಯು (ಡಿವೈಸುಗಳ ಮೆಮೊರಿ ಬಳಕೆಗೆ ಕಾವಲು) ಕೊಟ್ಟು ಇಂಟರಪ್ಟ್ ರೀಮ್ಯಾಪಿಂಗ್ ಬೇಕಾದರೆ ಸ್ಪ್ಲಿಟ್ ಇರಲೇಬೇಕು. ಈ ಬೆಂಚಿಗೆ ಅದೇನೂ ಬೇಕಿರಲಿಲ್ಲ. 2019ರ ಕ್ಯೂಎಂಯು 4.0ರಲ್ಲಿ ಕ್ಯೂ35 ಅನ್ನುವ ವಿಎಂ ಮಾದರಿಗೆ ಸ್ಪ್ಲಿಟ್ಟೇ ಡೀಫಾಲ್ಟ್ ಆಗಿತ್ತು, ಇಂಥದೇ ತೊಂದರೆಯಿಂದ ಅದನ್ನು ಅದೇ ವರ್ಷ ವಾಪಸ್ ತೆಗೆದರು. ನಮ್ಮ ಹೋಸ್ಟಿನಲ್ಲಿದ್ದದ್ದು ಆ ಕಾಲದ್ದೇ.

ವಿಎಂ ಸೆಟ್ಟಿಂಗ್ ನಿಭಾಯಿಸುವ ಲಿಬ್‌ವರ್ಟ್‌ನಲ್ಲಿ ಫೀಚರ್ಸ್ ಭಾಗಕ್ಕೆ ಒಂದು ಸಾಲು ಸೇರಿಸಿದೆ, ಐಒಎಪಿಕ್ ಡ್ರೈವರ್ ಕೆವಿಎಂ ಅಂತ, ಅಂದರೆ ಐಒಎಪಿಕ್ ವಾಪಸ್ ಕರ್ನಲ್ ಒಳಗೆ. ಅಷ್ಟೇ. ಈಗ ಗೆಸ್ಟ್ ಇಒಐ ಬರೆದರೆ ಕೆವಿಎಂ ಲೈನ್ ಇಳಿಸಿ ರೀಸ್ಯಾಂಪಲ್ ಈವೆಂಟ್‌ಎಫ್‌ಡಿ (ಸುದ್ದಿ ಮುಟ್ಟಿಸುವ ಒಂದು ಗಂಟೆಯಂಥದ್ದು) ತಟ್ಟುತ್ತದೆ, ವಿಎಫ್‌ಐಒ ಆಗಲೇ ಮಾಸ್ಕ್ ತೆಗೆಯುತ್ತದೆ, ಎಲ್ಲ ಕರ್ನಲ್ ಒಳಗೇ. ಆಗಲೂ ಕಾರ್ಡ್ ಲೈನ್ ಹಿಡಿದಿದ್ದರೆ ಇನ್ನೊಂದು ಇಂಟರಪ್ಟ್ ಹೋಗುತ್ತದೆ, ಕಳೆದುಹೋಗುವುದಿಲ್ಲ.

ಎರಡೂ ಕಡೆಯ ಎಣಿಕೆ ಈಗ ಹೆಚ್ಚುಕಮ್ಮಿ ಜೊತೆಯಲ್ಲೇ ಏರುತ್ತದೆ. ಓವರ್‌ರನ್ ನಿಂತಿದೆ. ಎರಡನೇ ಬೆಂಚಿಗೆ ಎಂಎಸ್‌ಐ ಇರುವ ಕಾರ್ಡೇ ತರಿಸಿ ಅಂತ ಹೇಳಿದ್ದೇನೆ, ಅದರ ಡ್ರೈವರ್ ಆ ಹಳೇ ಲಿನಕ್ಸಿನಲ್ಲಿ ಕಂಪೈಲ್ ಆಗುತ್ತದಾ ಅನ್ನೋದು ಮುಂದಿನ ತಲೆನೋವು.