ಎತ್ತುವ ತೂಕ ಏರುತ್ತಿಲ್ಲವೇ? ಮೊದಲು ಇಳಿಸಿ ನೋಡಿ

ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ... ಈಗ ನಮ್ಮ ಕಾಸರಗೋಡು ಕಡೆ ಪೇಟೆ ಅಂತ ಇದ್ದಲ್ಲೆಲ್ಲ ಜಿಮ್ ಇದೆ. ಸಂಜೆ ಆರರ ಮೇಲೆ ಹೋದರೆ ಬೆಂಚ್ ಖಾಲಿ ಸಿಗುವುದೇ ಕಷ್ಟ. ಅಲ್ಲಿ ಹುಡುಗರು ಮಾಸ್ಟರ್ ಹತ್ತಿರ ಮತ್ತೆ ಮತ್ತೆ ಹೇಳುವ ದೂರು ಒಂದೇ. “ಅಣ್ಣಾ, ಎರಡು ತಿಂಗಳಾಯ್ತು, ಬೆಂಚ್‌ನಲ್ಲಿ ಅರುವತ್ತು ಕೆಜಿಯಿಂದ ಮೇಲೆ ಹೋಗ್ತಾನೇ ಇಲ್ಲ.”

ಬೆಂಚಿನಲ್ಲಿ ಮಲಗಿ ಎದೆಯ ಮೇಲಿಂದ ಒತ್ತುವ ಬಾರ್ ಇರಲಿ, ಬೇರೆ ಭಾರ ಇರಲಿ, ಎತ್ತುವ ತೂಕ ಹೀಗೆ ಏರದೆ ನಿಲ್ಲುವುದನ್ನು ಜಿಮ್‌ನವರು ಪ್ಲಾಟೋ ಅನ್ನುತ್ತಾರೆ. ಹೀಗಾದಾಗ ಹೆಚ್ಚಿನವರು ಇನ್ನೆರಡು ಸೆಟ್ (ನಡುವೆ ನಿಲ್ಲಿಸದೆ ಎತ್ತುವ ಒಂದು ಸುತ್ತು) ಸೇರಿಸುತ್ತಾರೆ, ಭಾನುವಾರವೂ ಜಿಮ್‌ಗೆ ಬರುತ್ತಾರೆ, ದುಬಾರಿ ಪೌಡರ್ ಡಬ್ಬ ಒಂದನ್ನು ತರುತ್ತಾರೆ. ನಾನು ಹೇಳುವುದು ಉಲ್ಟಾ. ಸೇರಿಸುವ ಮೊದಲು ಇಳಿಸಬೇಕು. ಇಳಿಸುವುದಕ್ಕೂ ಒಂದು ಲೆಕ್ಕ ಇದೆ.

ಮೊದಲ ಕೆಲವು ತಿಂಗಳು ತೂಕ ಸರಸರನೆ ಏರುತ್ತದೆ. ಆಗ ಸ್ನಾಯು ಅಷ್ಟೇನೂ ಬೆಳೆದಿರುವುದಿಲ್ಲ. ಇರುವ ಸ್ನಾಯುವನ್ನು ಚೆನ್ನಾಗಿ ಬಳಸುವುದನ್ನು ನರಗಳು ಕಲಿಯುತ್ತಿರುತ್ತವೆ, ಅಷ್ಟೆ. ಆ ಕಲಿಕೆ ಒಂದು ಹಂತಕ್ಕೆ ಬಂದ ಮೇಲೆ ಸ್ನಾಯುವೇ ಬೆಳೆಯಬೇಕು. ಅದು ನಿಧಾನದ ಕೆಲಸ. ಎಷ್ಟು ನಿಧಾನ ಅಂತ ತಿಳಿಯಲು ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿಯವರನ್ನೇ ನೋಡಿ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ 61 ಕೆಜಿ ವಿಭಾಗದಲ್ಲಿ 269 ಕೆಜಿ ಎತ್ತಿ ಕಂಚು ಗೆದ್ದರು. ಎರಡು ಕೂಟಗಳ ನಡುವೆ ನಾಲ್ಕು ವರ್ಷ. ಹೆಚ್ಚಾದದ್ದು 20 ಕೆಜಿ, ಅದೂ ಮೇಲಿನ ತೂಕದ ವಿಭಾಗಕ್ಕೆ ಹೋಗಿ. ಹಾಗಿರುವಾಗ ಎರಡು ತಿಂಗಳು ನಿಂತಿತು ಅಂತ ಧೈರ್ಯ ಕಳೆದುಕೊಳ್ಳಬೇಕಾಗಿಲ್ಲ.

ನಿಜಕ್ಕೂ ನಿಂತಿದೆಯಾ?

ಮೊದಲ ಕೆಲಸ, ಒಂದು ನೋಟ್‌ಬುಕ್ ತನ್ನಿ. ತಾರೀಕು, ತೂಕ, ರೆಪ್ಸ್ (ಒಂದು ಸೆಟ್‌ನಲ್ಲಿ ಎಷ್ಟು ಸಲ ಎತ್ತಿದಿರಿ ಅನ್ನುವುದು), ಹಿಂದಿನ ರಾತ್ರಿಯ ನಿದ್ದೆ ಇಷ್ಟು ಬರೆದರೆ ಸಾಕು. ಒಂದೆರಡು ದಿನ ಬಾರ್ ಏರದಿದ್ದರೆ ಅದು ಪ್ಲಾಟೋ ಅಲ್ಲ. ಮೂರು-ನಾಲ್ಕು ವಾರ ತಪ್ಪದೆ ಮಾಡಿಯೂ ತೂಕ, ರೆಪ್ಸ್ ಎರಡೂ ಏರದಿದ್ದರೆ ಆಗ ನಿಂತಿದೆ ಅನ್ನಬಹುದು.

ಇಲ್ಲೊಂದು ಸುಲಭದ ಲೆಕ್ಕ ಇದೆ. ತೂಕವನ್ನು ರೆಪ್ಸ್‌ನಿಂದ ಗುಣಿಸಿ, 30ರಿಂದ ಭಾಗಿಸಿ, ಬಂದದ್ದನ್ನು ತೂಕಕ್ಕೆ ಕೂಡಿಸಿ. ಒಂದೇ ಒಂದು ಸಲ ಎಷ್ಟು ಎತ್ತಬಹುದು ಅನ್ನುವ ಅಂದಾಜು ಸಿಗುತ್ತದೆ. 60 ಕೆಜಿಯನ್ನು 5 ಸಲ ಒತ್ತಿದರೆ ಅಂದಾಜು 70. 57.5 ಕೆಜಿಯನ್ನು 7 ಸಲ ಒತ್ತಿದರೆ ಸುಮಾರು 71. ಬಾರ್‌ನಲ್ಲಿ ತೂಕ ಕಡಿಮೆ ಇದೆ, ಆದರೆ ಶಕ್ತಿ ಏರಿದೆ! ನೋಟ್‌ಬುಕ್ ಇಲ್ಲದವರಿಗೆ ಇದು ಗೊತ್ತೇ ಆಗುವುದಿಲ್ಲ.

ಒಂದು ಎಚ್ಚರಿಕೆ. ಕೀಲಿನಲ್ಲಿ ಚುಚ್ಚಿದ ಹಾಗೆ ನೋವು ಇದ್ದರೆ ಅದು ಪ್ಲಾಟೋ ಪ್ರಶ್ನೆಯಲ್ಲ. ಡಾಕ್ಟರ್ ಹತ್ತಿರ ಹೋಗಿ.

ತೋಟದ ಕೆಲಸವನ್ನೂ ಬರೆಯಿರಿ

ಜಿಮ್ ವಿಡಿಯೋಗಳಲ್ಲಿ ಈ ವಿಷಯ ಬರುವುದಿಲ್ಲ, ಯಾಕೆಂದರೆ ಅವು ದಿನವಿಡೀ ಆಫೀಸಿನಲ್ಲಿ ಕೂರುವವರಿಗಾಗಿ ಮಾಡಿದವು. ನಮ್ಮಲ್ಲಿ ಜಿಮ್‌ಗೆ ಬರುವ ಎಷ್ಟೋ ಜನ ಹಗಲು ತೋಟದಲ್ಲಿ ದುಡಿದು ಬರುತ್ತಾರೆ.

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಕೆಲಸವನ್ನೇ ತೆಗೆದುಕೊಳ್ಳಿ. ಫೈಬರ್ ದೋಟಿ ಎತ್ತಿ ಹಿಡಿದು ಬೋರ್ಡೋ ದ್ರಾವಣ ಬಿಡುವವರ ಕೈ ಗಂಟೆಗಟ್ಟಲೆ ಮೇಲೆಯೇ ಇರುತ್ತದೆ. ಕಣ್ಣು ಗೊನೆಯ ಮೇಲೆ, ಕತ್ತು ಹಿಂದಕ್ಕೆ. ಗಾಳಿಗೆ ದೋಟಿಯ ತುದಿ ಆಡಿದಾಗಲೆಲ್ಲ ಭುಜ ಮತ್ತು ಮುಂಗೈ ಬಿಗಿಹಿಡಿದು ಅದನ್ನು ನಿಲ್ಲಿಸಬೇಕು. ಸಂಜೆ ಅದೇ ಭುಜದಲ್ಲಿ ಬೆಂಚ್ ಒತ್ತಲು ಹೋದರೆ 60 ಏರದಿರುವುದು ಸಹಜ, ಅಲ್ವಾ? ಆ ದಿನ ಭುಜಕ್ಕೆ ಜಿಮ್ ಬೇಡ. ಹಾಗೆಯೇ ಅಡಿಕೆ ಗೋಣಿ ಹೊತ್ತ ದಿನ ಡೆಡ್‌ಲಿಫ್ಟ್ (ಬಗ್ಗಿ ನೆಲದಿಂದ ಬಾರ್ ಎತ್ತುವುದು) ಬೇಡ.

ನಿದ್ದೆಯ ವಿಷಯವೂ ಹೀಗೆಯೇ. ಶಕ್ತಿ ಏರಬೇಕಾದರೆ ರಾತ್ರಿ 7ರಿಂದ 9 ಗಂಟೆಗಳಷ್ಟು ನಿದ್ದೆ ಬೇಕು. ನವೆಂಬರ್‌ನಿಂದ ಮೇ ತನಕ ನಮ್ಮಲ್ಲಿ ಒಂದು ಕಡೆ ಯಕ್ಷಗಾನ ಆಟ, ಇನ್ನೊಂದು ಕಡೆ ಕೋಲ, ತೆಯ್ಯಂ, ಮತ್ತೊಂದು ಕಡೆ ರಾತ್ರಿ ಕಬಡ್ಡಿ. ಅವನ್ನೆಲ್ಲ ಬಿಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ರಾತ್ರಿಯಿಡೀ ಆಟ ನೋಡಿದ ಮರುದಿನ ಭಾರದ ಸೆಟ್ ಇಟ್ಟುಕೊಳ್ಳಬೇಡಿ, ಅಷ್ಟೇ. ಅದನ್ನು ಒಂದು ದಿನ ಮುಂದಕ್ಕೆ ಹಾಕಿ.

ಒಂದು ವಾರ ಇಳಿಸಿ

ಶಕ್ತಿ ಇದ್ದರೂ ದಣಿವು ಅದನ್ನು ಮುಚ್ಚಿಡುತ್ತದೆ. ವಾರಗಟ್ಟಲೆ ಸೇರಿದ ದಣಿವು ಒಂದು ರಾತ್ರಿಯ ನಿದ್ದೆಗೆ ಹೋಗುವುದಿಲ್ಲ. ಹಾಗಾಗಿ ಒಂದು ವಾರ ತೂಕವನ್ನು ಮೂರರಲ್ಲಿ ಎರಡು ಪಾಲಿಗೆ, ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಕೈಗೆ ಬಾರ್‌ನ ಅಭ್ಯಾಸ ಉಳಿಯಬೇಕು. ಈ ವಾರ ಸುಮ್ನೆ ಹಾಳಾಯಿತು ಅಂತ ಅನ್ನಿಸುತ್ತದೆ, ಮೂರನೇ ದಿನಕ್ಕೆ ಕೈ ತುರಿಸಲು ಶುರುವಾಗುತ್ತದೆ. ತಡೆದುಕೊಳ್ಳಿ. ನನ್ನ ಪ್ರಕಾರ ಪ್ಲಾಟೋಗೆ ಇದಕ್ಕಿಂತ ಅಗ್ಗದ ಮದ್ದು ಇಲ್ಲ, ಆದರೂ ತೀರಾ ಕಡಿಮೆ ಜನ ಮಾಡುವುದೂ ಇದನ್ನೇ.

ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಇಳಿಸಿದ ವಾರದಲ್ಲೇ ಫೋನನ್ನು ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಇಟ್ಟು ವಿಡಿಯೋ ಮಾಡಿ. ಹಿಂದೆ ಭಾರ ಎತ್ತಿದಾಗಿನ ವಿಡಿಯೋ ಇದ್ದರೆ ಅದನ್ನೂ ಪಕ್ಕದಲ್ಲಿಟ್ಟು ನೋಡಿ.

ಬೆಂಚ್‌ನಲ್ಲಿ ಬಾರ್ ಎದೆಯಿಂದಲೇ ಏಳುತ್ತಿಲ್ಲ ಅಂತಾದರೆ ತೂಕ ಇಳಿಸಿ, ಬಾರ್ ಎದೆಗೆ ತಾಗಿದ ಮೇಲೆ ಅಲ್ಲಾಡದೆ ‘ಒಂದು, ಎರಡು’ ಎಣಿಸಿ, ಆಮೇಲೆ ಒತ್ತಿ. ಎದೆಗೆ ಬಡಿಸಿ ಪುಟಿಸುವುದಕ್ಕೆ ಇಲ್ಲಿ ಅವಕಾಶವೇ ಇಲ್ಲ. ಭುಜದ ಹಲಗೆ ಎರಡೂ ಹಿಂದಕ್ಕೆ ಸೇರಿ ಬೆಂಚಿಗೆ ಒತ್ತಿರಬೇಕು, ಪಾದ ಪೂರ್ತಿ ನೆಲದ ಮೇಲಿರಬೇಕು. ಮೊದಲ ದಿನ 45 ಕೆಜಿಯೂ ಭಾರ ಅನ್ನಿಸುತ್ತದೆ. ಅರ್ಧ ದಾರಿಯ ಮೇಲೆ ನಿಲ್ಲುತ್ತಿದ್ದರೆ ದುರ್ಬಲ ಇರುವುದು ಹೆಚ್ಚಾಗಿ ತೋಳಿನ ಹಿಂಭಾಗ. ಅದಕ್ಕೆ ಹಿಡಿತವನ್ನು ಭುಜದಷ್ಟೇ ಅಗಲಕ್ಕೆ ತಂದು ಒತ್ತಿ.

ಸ್ಕ್ವಾಟ್‌ನಲ್ಲಿ, ಅಂದರೆ ಬಾರನ್ನು ಹೆಗಲ ಮೇಲೆ ಹೊತ್ತು ಕೂತು ಏಳುವುದರಲ್ಲಿ, ಕೆಳಗಿನಿಂದ ಏಳುವಾಗ ಸೊಂಟ ಮೊದಲು ಎದ್ದು ಎದೆ ಹಿಂದುಳಿಯುತ್ತದೆಯಾ ನೋಡಿ. ಹಾಗಿದ್ದರೆ ಇಲ್ಲಿಯೂ ಕೆಳಗೆ ಎರಡು ಎಣಿಸಿ ಏಳುವ ಅಭ್ಯಾಸ ಒಳ್ಳೆಯದು. ಡೆಡ್‌ಲಿಫ್ಟ್‌ನಲ್ಲಿ ಬೆನ್ನಿಗಿಂತ ಮೊದಲು ಬೆರಳು ಬಿಟ್ಟುಕೊಡುತ್ತಿದ್ದರೆ ತಪ್ಪು ನಮ್ಮ ಕರಾವಳಿಯ ಬೆವರಿನದ್ದೂ ಇರಬಹುದು. ಕೈಗೆ ಚಾಕ್ (ಬೆವರು ಹೀರುವ ಬಿಳಿ ಪುಡಿ) ಹಚ್ಚಿ ನೋಡಿ.

ಸಣ್ಣ ಪ್ಲೇಟ್, ಉದ್ದ ವಿಶ್ರಾಂತಿ

ಹೆಚ್ಚಿನ ಜಿಮ್‌ಗಳಲ್ಲಿ ಸಿಗುವ ಅತಿ ಸಣ್ಣ ಪ್ಲೇಟ್ 1.25 ಕೆಜಿಯದು. ಎರಡೂ ಬದಿಗೆ ಹಾಕಿದರೆ ಒಮ್ಮೆಲೇ 2.5 ಕೆಜಿ. 100 ಕೆಜಿ ಸ್ಕ್ವಾಟ್ ಮಾಡುವವರಿಗೆ ಅದು ನೂರರಲ್ಲಿ ಎರಡೂವರೆ. 20 ಕೆಜಿಯ ಖಾಲಿ ಬಾರ್ ಒತ್ತುವ ಹೆಣ್ಣುಮಕ್ಕಳಿಗೆ ನೂರರಲ್ಲಿ ಹನ್ನೆರಡೂವರೆ! ಅವರದ್ದು ನಿಂತಿರುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣ. ಅರ್ಧ ಕೆಜಿಯ ಪ್ಲೇಟ್ ಒಂದು ಜೊತೆ ತರಿಸಿಕೊಳ್ಳಿ. ಸಿಗದಿದ್ದರೆ ಕಾಲಿಗೆ ಕಟ್ಟುವ ಅರ್ಧ ಕೆಜಿಯ ತೂಕದ ಪಟ್ಟಿಯನ್ನು ಬಾರ್‌ನ ಎರಡೂ ತುದಿಗೆ ಸುತ್ತಿದರೂ ಆದೀತು.

ಭಾರದ ಸೆಟ್‌ಗಳ ನಡುವೆ ಮೂರರಿಂದ ಐದು ನಿಮಿಷ ಕೂರಿ. ಜನ ಕಾಯುತ್ತಾರೆ ಅಂತ ಒಂದೇ ನಿಮಿಷಕ್ಕೆ ಎದ್ದರೆ ಮುಂದಿನ ಸೆಟ್ ಕೆಡುತ್ತದೆ. ಸಾಧ್ಯವಿದ್ದರೆ ಬೆಳಗ್ಗೆಯೇ ಹೋಗಿ.

ಗಂಜಿ ಮಾತ್ರ ಸಾಲದು

ಶಕ್ತಿ ಬೆಳೆಸುವವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು. 65 ಕೆಜಿ ಇರುವವರಿಗೆ 104 ಗ್ರಾಂ. ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿಯಲ್ಲಿ ಅದು ಹುಟ್ಟುವುದಿಲ್ಲ. 100 ಗ್ರಾಂ ಬಂಗುಡೆಯಲ್ಲಿ 20 ಗ್ರಾಂ ಹತ್ತಿರ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಜೂನ್ ಎರಡನೇ ವಾರದಿಂದ ಜುಲೈ ಕೊನೆಯ ತನಕ ಟ್ರಾಲಿಂಗ್ ನಿಷೇಧ ಇರುವಾಗ ಮೀನು ತುಟ್ಟಿ. ಆಗ ಮೊಟ್ಟೆ ಜಾಸ್ತಿ ಮಾಡಿ. ಸಸ್ಯಾಹಾರಿಗಳಿಗೆ ಹುರುಳಿ, ಹೆಸರುಕಾಳು, ನೆಲಗಡಲೆ, ಹಾಲು, ಮೊಸರು ಇವೆ. 50 ಗ್ರಾಂ ಸೋಯಾ ಚಂಕ್ಸ್‌ನಿಂದಲೇ ಸುಮಾರು 25 ಗ್ರಾಂ ಸಿಗುತ್ತದೆ. ಎರಡು ತಿಂಗಳಿಂದ ನಿಮ್ಮ ದೇಹದ ತೂಕವೂ ಅಲ್ಲಾಡಿಲ್ಲವಾದರೆ ಊಟ ಸಾಲುತ್ತಿಲ್ಲ ಅಂತ ಅರ್ಥ ಇರಬಹುದು. ಊಟ, ನಿದ್ದೆ ಎರಡೂ ಸರಿ ಇದ್ದು ಸದಾ ಸುಸ್ತು ಅನ್ನುವವರು, ಅದರಲ್ಲೂ ಹೆಣ್ಣುಮಕ್ಕಳು, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಆರು ವಾರದ ಲೆಕ್ಕ

60 ಕೆಜಿಯನ್ನು 5 ಸಲ ಒತ್ತಿ ಅಲ್ಲೇ ನಿಂತವರಿಗೆ ಹೀಗೆ ಹಾಕಿಕೊಳ್ಳಬಹುದು. ವಾರಕ್ಕೆ ಎರಡು ದಿನ ಬೆಂಚ್, ಒಂದು ಭಾರದ ದಿನ, ಒಂದು ಹಗುರದ ದಿನ. ಮೊದಲ ವಾರ ಎರಡೂ ದಿನ 40 ಕೆಜಿ, 5 ರೆಪ್ಸ್, 2 ಸೆಟ್. ಎರಡನೇ ವಾರ ಭಾರದ ದಿನ 52.5 ಕೆಜಿ, 6 ರೆಪ್ಸ್, 4 ಸೆಟ್. ಹಗುರದ ದಿನ 45 ಕೆಜಿ, ಎದೆಯ ಮೇಲೆ ನಿಲ್ಲಿಸಿ 5 ರೆಪ್ಸ್, 3 ಸೆಟ್. ಮೂರನೇ ವಾರ ಭಾರದ ದಿನ 55, ಹಗುರದ ದಿನ 47.5. ನಾಲ್ಕನೇ ವಾರ 57.5 ಕೆಜಿ, 5 ರೆಪ್ಸ್, 4 ಸೆಟ್. ಐದನೇ ವಾರ 60 ಕೆಜಿ, 4 ರೆಪ್ಸ್, 3 ಸೆಟ್. ಈ ಎರಡು ವಾರವೂ ಹಗುರದ ದಿನ 47.5ರಲ್ಲೇ ಇರಿ. ಪ್ರತಿ ಸೆಟ್‌ನ ಕೊನೆಗೆ ಇನ್ನೂ ಒಂದು ರೆಪ್ ಆಗುತ್ತಿತ್ತು ಅನ್ನುವ ಹಾಗಿರಬೇಕು. ಉಸಿರು ಬಿಗಿಹಿಡಿದು, ಮೈ ತಿರುಚಿ ಎತ್ತಿದ್ದು ಲೆಕ್ಕಕ್ಕಿಲ್ಲ.

ಆರನೇ ವಾರ ಭಾರದ ದಿನಕ್ಕೆ ಚೆನ್ನಾಗಿ ನಿದ್ದೆ ಆದ, ತೋಟದ ಕೆಲಸ ಇಲ್ಲದ ದಿನ ಆರಿಸಿ. ಹಿಂದೆ ಒಬ್ಬರು ನಿಂತಿರಲಿ. ಖಾಲಿ ಬಾರ್ 10 ಸಲ, 40 ಕೆಜಿ 5 ಸಲ, 50 ಕೆಜಿ 3 ಸಲ, 57.5 ಒಂದು ಸಲ. ಐದು ನಿಮಿಷ ಕೂರಿ. ಆಮೇಲೆ ಅರ್ಧ ಕೆಜಿಯ ಎರಡು ಪ್ಲೇಟ್ ಹಾಕಿ 61. ಐದು ಬಂದರೆ ಮುಂದಿನ ವಾರ 62. ಮೂರೋ ನಾಲ್ಕೋ ಬಂದರೆ ಇನ್ನೊಂದು ವಾರ 61ರಲ್ಲೇ ಇದ್ದು ಐದನೆಯದನ್ನು ಪಡೆಯಿರಿ. ಮೂರಕ್ಕಿಂತ ಕಡಿಮೆ ಬಂದರೆ ನೋಟ್‌ಬುಕ್ ತೆರೆದು ನಿದ್ದೆಯ ಕಾಲಂ ಮೊದಲು ನೋಡಿ.