ಯೂನಿಫಾರ್ಮ್ ಕಳಚುವ ಮೊದಲೇ ಎ ಆ್ಯಂಡ್ ಪಿ: ನನ್ನ ಅನುಭವ

ನಾಲ್ಕು ವರ್ಷ ಅಮೆರಿಕ ವಾಯುಪಡೆಯ ಸಿ-17 ಸಾಗಣೆ ವಿಮಾನದ ಕೆಳಗೆ ಮಲಗಿ ಎದ್ದಿದ್ದೇನೆ, ಎ ಆ್ಯಂಡ್ ಪಿ ಅನ್ನುವ ಮೆಕ್ಯಾನಿಕ್ ಸರ್ಟಿಫಿಕೇಟಿಗೆ ಇನ್ನೇನು ಬೇಕು ಅಂದುಕೊಂಡೇ ಅಲ್ಲಿನ ನಾಗರಿಕ ವಿಮಾನಯಾನ ಇಲಾಖೆಯಾದ ಎಫ್‌ಎಎಯ ಸ್ಥಳೀಯ ಕಚೇರಿಗೆ ಹೋದೆ. ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದೆ. ನನ್ನ ಕೈಯಲ್ಲಿದ್ದ ಪತ್ರದಲ್ಲಿ ‘ವಿಮಾನ ರಿಪೇರಿ ಕೆಲಸ, ನಾಲ್ಕು ವರ್ಷ’ ಅಂತ ಒಂದೇ ಸಾಲಿತ್ತು. ಇನ್ಸ್‌ಪೆಕ್ಟರ್ ಸಮಾಧಾನವಾಗಿಯೇ ಕೇಳಿದರು: “ಎಂಜಿನ್ ಮೇಲೆ ಎಷ್ಟು ತಿಂಗಳು? ಬಾಡಿ ಮೇಲೆ ಎಷ್ಟು? ಏನೇನು ಮಾಡಿದಿರಿ?” ಕೆಲಸ ಮಾಡಿದ್ದೆ, ನಿಜ. ತೋರಿಸಲು ಕಾಗದ ಇರಲಿಲ್ಲ.

ನಾನು ಮೈಸೂರಿನವನು. ಅಪ್ಪ ಅಮ್ಮನ ಜೊತೆ ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಬಂದೆ. ಇಪ್ಪತ್ತನೇ ವಯಸ್ಸಿಗೆ ಅಲ್ಲಿನ ವಾಯುಪಡೆ ಸೇರಿದೆ. ಟೆಕ್ಸಾಸ್‌ನ ಶೆಪ್ಪರ್ಡ್ ಬೇಸ್‌ನಲ್ಲಿ ತರಬೇತಿ ಮುಗಿಸಿ ಸಿ-17ರ ಕ್ರೂ ಚೀಫ್, ಅಂದರೆ ವಿಮಾನದ ದಿನನಿತ್ಯದ ದೇಖರೇಖಿ ನೋಡುವ ಮೆಕ್ಯಾನಿಕ್ ಆದೆ. ಹೊರಗೆ ಏರ್‌ಲೈನ್‌ನಲ್ಲೋ ಸಣ್ಣ ಹ್ಯಾಂಗರ್‌ನಲ್ಲೋ ವಿಮಾನಕ್ಕೆ ನನ್ನದೇ ಸಹಿ ಹಾಕಬೇಕು ಅಂದರೆ ಎಫ್‌ಎಎ ಕೊಡುವ ಎ ಆ್ಯಂಡ್ ಪಿ ಬೇಕು. ‘ಎ’ ಅಂದರೆ ಏರ್‌ಫ್ರೇಮ್, ವಿಮಾನದ ಬಾಡಿ; ‘ಪಿ’ ಅಂದರೆ ಪವರ್‌ಪ್ಲಾಂಟ್, ಎಂಜಿನ್. ಶಾಲೆಗೆ ಹೋಗಿ ಓದಿ ಪಡೆಯಬಹುದು, ಅಥವಾ ಅನುಭವ ತೋರಿಸಿ ಪರೀಕ್ಷೆಗೆ ಕೂರಬಹುದು. ಇವೆರಡರಲ್ಲಿ ಒಂದೇ ರೇಟಿಂಗ್ ಸಾಕಾದರೆ 18 ತಿಂಗಳ ಅನುಭವ, ಎರಡೂ ಒಟ್ಟಿಗೆ ಬೇಕಾದರೆ 30 ತಿಂಗಳು. ವಾಯುಪಡೆಯ ತರಬೇತಿ ಶಾಲೆಯಲ್ಲಿ ಕಳೆದ ದಿನಗಳನ್ನು ಇದರಲ್ಲಿ ಎಣಿಸುವಂತಿಲ್ಲ. ಕೈಗೆ ಎಣ್ಣೆ ಮೆತ್ತಿದ ದಿನಗಳು ಮಾತ್ರ ಲೆಕ್ಕ.

ವಾಪಸ್ ಬಂದವನೇ ಹೊಸ ಪತ್ರದ ಕೆಲಸ ಶುರು ಮಾಡಿದೆ. ಸೇವೆಯಲ್ಲಿ ಇರುವವರು ತಮ್ಮ ಮೆಂಟೆನೆನ್ಸ್ ಆಫೀಸರ್‌ರಿಂದ ಪತ್ರ ತರಬೇಕು. ಎಷ್ಟು ಕಾಲ ಸೇವೆ, ಯಾವ ಕೆಲಸದಲ್ಲಿ ಎಷ್ಟು ತಿಂಗಳು, ಯಾವ ವಿಮಾನ, ಯಾವ ಎಂಜಿನ್, ಎಲ್ಲಿ, ಇಷ್ಟೂ ಅದರಲ್ಲಿರಬೇಕು. ನನ್ನ ತೊಡಕು ಎಂಜಿನ್ನಿನದು. ವಾಯುಪಡೆಯಲ್ಲಿ ಎಂಜಿನ್ನಿಗೆ ಬೇರೆಯದೇ ಶಾಪ್ ಇದೆ. ಕ್ರೂ ಚೀಫ್ ಎಣ್ಣೆ ಹಾಕುತ್ತಾನೆ, ಬ್ಲೇಡ್ ನೋಡುತ್ತಾನೆ, ಆದರೆ ಎಂಜಿನ್ ಇಳಿಸಿ ಏರಿಸುವವರು ಆ ಶಾಪ್‌ನವರು. ಅದಕ್ಕೇ ನನ್ನ ಮೇಲಿನವರನ್ನು ಕೇಳಿಕೊಂಡು ಅವರ ಶಾಪ್‌ನಲ್ಲಿ ಕೆಲಸ ಮಾಡಲು ಅನುಮತಿ ಪಡೆದೆ. ಸಿ-17ರಲ್ಲಿ ನಾಲ್ಕು ಎಫ್117 ಎಂಜಿನ್ ಇರುತ್ತವೆ. ಬೋಯಿಂಗ್ 757ರಲ್ಲಿ ಬಳಸುವ ಪ್ರ್ಯಾಟ್ ಆ್ಯಂಡ್ ವಿಟ್ನಿ 2000 ಸರಣಿಯ ಮಿಲಿಟರಿ ರೂಪ ಅದು. ಅದರ ಹೊರಕವಚ ಕೌಲಿಂಗ್ ತೆರೆದು ದಿನಗಟ್ಟಲೆ ನಿಂತ ಮೇಲೆ ‘ಪಿ’ ಕೇಳಲು ನನಗೆ ಧೈರ್ಯ ಬಂತು. ಅಂದಿನಿಂದ ಪ್ರತಿ ಶಿಫ್ಟ್ ಮುಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ: ದಿನಾಂಕ, ಕೆಲಸ, ಯಾರ ಜೊತೆ ಮಾಡಿದ್ದು. ಇದನ್ನು ಮೊದಲ ದಿನವೇ ಶುರು ಮಾಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ಈಗ ಸೇವೆಯಲ್ಲಿರುವ ಹುಡುಗರಿಗೆ ನಾನು ಹೇಳುವ ಮೊದಲ ಮಾತೇ ಇದು.

ಎರಡನೇ ಸಲ ಹೋದಾಗ ಇನ್ಸ್‌ಪೆಕ್ಟರ್ ಪತ್ರ ಓದಿದರು, ಕೆಲಸದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿಸಿದರು. ಆಮೇಲೆ 8610-2 ಅನ್ನುವ ಫಾರ್ಮಿನ ಎರಡು ಪ್ರತಿಗೂ ಸಹಿ ಹಾಕಿ ಕೊಟ್ಟರು. ಆ ಸಹಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ.

ಬರೆಯುವ ಪರೀಕ್ಷೆ ಮೂರು. ಜನರಲ್ 60 ಪ್ರಶ್ನೆ, ಏರ್‌ಫ್ರೇಮ್ 100, ಪವರ್‌ಪ್ಲಾಂಟ್ 100. ಪಾಸಾಗಲು ಪ್ರತಿಯೊಂದರಲ್ಲೂ ಶೇಕಡಾ 70 ಬೇಕು. ಫೀಸನ್ನು ವಾಯುಪಡೆಯ ‘ಕೂಲ್’ ಯೋಜನೆ ಕೊಡುತ್ತದೆ, ಆದರೆ ಮೊದಲು ಅನುಮತಿ ತಗೊಂಡು ಆಮೇಲೆ ಬುಕ್ ಮಾಡಬೇಕು. ಪ್ರಶ್ನೆ-ಉತ್ತರಗಳನ್ನು ಬಾಯಿಪಾಠ ಮಾಡಿಯೂ ಪಾಸಾಗುವವರಿದ್ದಾರೆ. ನನಗದು ಇಷ್ಟವಿಲ್ಲ. ಯಾವ ವಿಷಯದಲ್ಲಿ ತಪ್ಪಾಯಿತು ಅಂತ ರಿಸಲ್ಟ್ ಹಾಳೆಯಲ್ಲಿ ಕೋಡ್ ಬಂದಿರುತ್ತದೆ, ಮೌಖಿಕ ಪರೀಕ್ಷೆಯಲ್ಲಿ ಅದನ್ನೇ ಕೆದಕಿ ಕೇಳುತ್ತಾರೆ. ಅದಕ್ಕಿಂತ ಮುಖ್ಯ ಅಂದರೆ, ನಾಳೆ ಆ ವಿಮಾನದಲ್ಲಿ ಯಾರೋ ಮಕ್ಕಳನ್ನು ಕೂರಿಸಿಕೊಂಡು ಹಾರುತ್ತಾರೆ, ಅಲ್ವಾ?

ಓದುತ್ತಾ ಹೋದಂತೆ ನನಗೆ ಗೊತ್ತಿದ್ದದ್ದು ಒಂದೇ ಒಂದು ವಿಮಾನ ಅಂತ ಅರ್ಥವಾಯಿತು. ಸರ್ಟಿಫಿಕೇಟ್ ಎಲ್ಲ ವಿಮಾನಗಳ ಬಗ್ಗೆ ಕೇಳುತ್ತದೆ. ಬಟ್ಟೆ ಹೊದಿಸಿದ ರೆಕ್ಕೆ ನಾನು ಮುಟ್ಟಿರಲಿಲ್ಲ. ಕಾರ್ಬ್ಯುರೇಟರ್‌ನಲ್ಲಿ ಮಂಜು ಕಟ್ಟುವುದನ್ನು ಕೇಳಿಯೂ ಇರಲಿಲ್ಲ. ತೂಕದ ಲೆಕ್ಕವನ್ನು ಸರಕು ತುಂಬಿಸುವ ಲೋಡ್‌ಮಾಸ್ಟರ್‌ನ ಪಾಲಿಗೆ ಬಿಟ್ಟಿದ್ದೆ. ಹಾಗಾಗಿ ಶನಿವಾರಗಳಂದು ಹತ್ತಿರದ ಸಣ್ಣ ಏರ್‌ಪೋರ್ಟಿನಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಸಂಬಳ ಇಲ್ಲದೆ ಕೆಲಸಕ್ಕೆ ನಿಂತೆ.

ಸಣ್ಣ ವಿಮಾನದ ಎಂಜಿನ್ನಿನಲ್ಲಿ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಟೈಮಿಂಗ್ ಮಾತ್ರ ತಲೆಗೆ ಹತ್ತಲೇ ಇಲ್ಲ. ಒಂದು ರಾತ್ರಿ ಮೈಸೂರಿಗೆ, ನನ್ನ ಸೋದರಮಾವನಿಗೆ ಫೋನ್ ಮಾಡಿದೆ. ಮೈಸೂರಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳನ್ನು ಬಿಚ್ಚಿ ಕಟ್ಟುತ್ತಾ ಬಾಳಿದವರು ಅವರು. “ಮಾವ, ಪಾಯಿಂಟ್ ಸೆಟ್ ಮಾಡೋದು ಅರ್ಥ ಆಗ್ತಿಲ್ಲ” ಅಂದೆ.

“ನಮ್ಮ ಗ್ಯಾರೇಜಲ್ಲಿ ಬೆಳೆದವನು ನೀನು, ಜಾವಾದಲ್ಲಿ ನೋಡಿಲ್ವೇನೋ? ಪಾಯಿಂಟ್ ಬಿಡೋ ಕ್ಷಣಕ್ಕೇ ಕಿಡಿ. ಮೊದಲು ಪಿಸ್ಟನ್ ಎಲ್ಲಿದೆ ಅಂತ ಹಿಡಿ. ಆಮೇಲೆ ಪಾಯಿಂಟ್ ಮುಟ್ಟು.”

ಮುಂದಿನ ಶನಿವಾರ ಸೆಸ್ನಾ ಅನ್ನುವ ಸಣ್ಣ ವಿಮಾನವೊಂದರ ಲೈಕೋಮಿಂಗ್ ಎಂಜಿನ್ ಮುಂದೆ ನಿಂತೆ. ಒಂದನೇ ಸಿಲಿಂಡರ್‌ನ ಪ್ಲಗ್ ರಂಧ್ರಕ್ಕೆ ಹೆಬ್ಬೆರಳು ಒತ್ತಿ, ಗಾಳಿ ಬೆರಳನ್ನು ತಳ್ಳುವವರೆಗೆ ಪ್ರೊಪೆಲ್ಲರ್ ತಿರುಗಿಸಿದೆ. ಪಿಸ್ಟನ್ ಮೇಲಕ್ಕೆ ಮುಟ್ಟಲು 25 ಡಿಗ್ರಿ ಇದ್ದಂತೆ ನಿಲ್ಲಿಸಿದೆ. ಮ್ಯಾಗ್ನೆಟೋವನ್ನು ಕೂದಲೆಳೆಯಷ್ಟು ಸರಿಸಿದಾಗ ಟೈಮಿಂಗ್ ಬಾಕ್ಸಿನ ದೀಪ ಹೇಳಿತು, ಪಾಯಿಂಟ್ ತೆರೆಯಿತು ಅಂತ. ಮಾವ ಹೇಳಿದ್ದು ಅಷ್ಟೇ ತಾನೇ!

ಮೌಖಿಕ ಮತ್ತು ಕೈಕೆಲಸದ ಪರೀಕ್ಷೆಯನ್ನು ಎಫ್‌ಎಎ ನೇಮಿಸಿದ ಎಕ್ಸಾಮಿನರ್ ತಗೊಳ್ಳುತ್ತಾರೆ. ನನಗೆ ಎರಡು ದಿನ ಹಿಡಿಯಿತು. ಸೇಫ್ಟಿ ವೈರ್, ರಿವೆಟ್, ಟ್ಯೂಬ್ ಫ್ಲೇರಿಂಗ್ ಎಲ್ಲ ಸಲೀಸು. ಕಷ್ಟವಾಗಿದ್ದು ಲಾಗ್‌ಬುಕ್. ವಿಮಾನದ ದೋಷ, ರಿಪೇರಿ ಬರೆದಿಡುವ ವಾಯುಪಡೆಯ 781 ಫಾರ್ಮಿನಲ್ಲಿ ಕೆಂಪು ಎಕ್ಸ್ ಹಾಕಿದರೆ ವಿಮಾನ ಹಾರುವಂತಿಲ್ಲ. ಅದನ್ನು ತೆಗೆಯಲು ಅಧಿಕಾರ ಇರುವ ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ನಾನು ಬೆಳೆದದ್ದು ಆ ಪದ್ಧತಿಯಲ್ಲಿ. ಇಲ್ಲಿ ಎಕ್ಸಾಮಿನರ್ ಒಂದು ಖಾಲಿ ಲಾಗ್‌ಬುಕ್ ಹಾಳೆ ಕೊಟ್ಟು, “ಈಗ ಮಾಡಿದ ಕೆಲಸ ಬರೆಯಿರಿ” ಅಂದರು. ಬರೆದೆ. “ಇದಕ್ಕೆ ಇನ್ನು ಯಾರು ಸಹಿ ಹಾಕುತ್ತಾರೆ?” ಅಂತ ಕೇಳಿದರು. ನಾನು ತಡವರಿಸಿದೆ. “ಸಣ್ಣ ರಿಪೇರಿಗೆ ನೀವೊಬ್ಬರೇ” ಅಂದರು. ದಿನಾಂಕ, ಮಾಡಿದ ಕೆಲಸ, ಸಹಿ, ಸರ್ಟಿಫಿಕೇಟ್ ನಂಬರ್. ದೊಡ್ಡ ರಿಪೇರಿಯಾದರೆ ಮಾತ್ರ ಬೇರೆ ಫಾರ್ಮ್, ಬೇರೆಯವರ ಒಪ್ಪಿಗೆ. ಆ ಹಾಳೆ ನೋಡುತ್ತಾ ನನ್ನ ಕೈ ಒಂದು ಕ್ಷಣ ತಣ್ಣಗಾಯಿತು.

ಪಾಸಾದ ದಿನವೇ ತಾತ್ಕಾಲಿಕ ಸರ್ಟಿಫಿಕೇಟ್ ಕೈಗೆ ಬಂತು. 120 ದಿನ ಚಾಲ್ತಿಯಲ್ಲಿರುವ ಹಾಳೆ ಅದು, ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ. ಸೇವೆ ಮುಗಿಯಲು ನನಗಿನ್ನೂ ಹತ್ತು ತಿಂಗಳಿತ್ತು.

ಮುಂದಿನ ಶನಿವಾರ ಅದೇ ಸೆಸ್ನಾಗೆ ಎಣ್ಣೆ ಬದಲಿಸಿದೆ. ಎ ಆ್ಯಂಡ್ ಪಿ ಇದ್ದರೂ ಹಿಂದೆ ಮಾಡಿ ಗೊತ್ತಿಲ್ಲದ ಕೆಲಸಕ್ಕೆ ಸಹಿ ಹಾಕುವಂತಿಲ್ಲ. ಇದನ್ನಂತೂ ಆ ಹಿರಿಯರ ಕೈಕೆಳಗೆ ಎಷ್ಟೋ ಸಲ ಮಾಡಿದ್ದೆ. ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ಲೋಹದ ಚೂರು ಇದೆಯೇ ಅಂತ ನೋಡಿದೆ. ಎಂಜಿನ್ ಓಡಿಸಿ ಸೋರಿಕೆ ನೋಡಿದೆ. ಹಿರಿಯರು ಲಾಗ್‌ಬುಕ್ ನನ್ನ ಮುಂದಿಟ್ಟು ಪೆನ್ ಕೊಟ್ಟು ಪಕ್ಕಕ್ಕೆ ಸರಿದರು. ಜೇಬಿನಿಂದ ಹಾಳೆ ತೆಗೆದು, ಒಂದೊಂದೇ ಅಂಕಿ ನೋಡಿಕೊಂಡು ನನ್ನ ನಂಬರ್ ಬರೆದೆ.