ವಿಎಚ್‌ಎಸ್ ಕ್ಯಾಸೆಟ್‌ನಿಂದ ಕಂಪ್ಯೂಟರ್‌ಗೆ: ನಾನು ಅನುಸರಿಸುವ ಕ್ರಮ

ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಬೇಕೆಂದಾಗ ಹೆಚ್ಚಿನವರು ಮೊದಲು ವಿಚಾರಿಸುವುದು ಟೇಪಿನ ಸಿಗ್ನಲ್ಲನ್ನು ಕಂಪ್ಯೂಟರ್ ಫೈಲಾಗಿಸುವ ಕ್ಯಾಪ್ಚರ್ ಕಾರ್ಡ್‌ಗಳಲ್ಲಿ ಯಾವುದು ಒಳ್ಳೆಯದು ಎಂದು. ನನ್ನ ಅನುಭವದಲ್ಲಿ ಚಿತ್ರದ ಗುಣಮಟ್ಟ ಬಹುಪಾಲು ನಿರ್ಧಾರವಾಗುವುದು ಅದಕ್ಕೂ ಮುಂಚೆ, ಟೇಪನ್ನು ಓದುವ ವಿಸಿಆರ್‌ನಲ್ಲಿ. ಅಲ್ಲಿಂದ ಸ್ಥಿರವಾದ ಸಿಗ್ನಲ್ ಹೊರಬಂದರೆ ಸಾಧಾರಣ ಕಾರ್ಡ್ ಕೂಡ ನೆಚ್ಚಬಹುದಾದ ಫೈಲನ್ನು ಕೊಡುತ್ತದೆ. ಸಿಗ್ನಲ್ಲೇ ಅಲುಗಾಡುತ್ತಿದ್ದರೆ ಎಷ್ಟು ಬೆಲೆಬಾಳುವ ಕಾರ್ಡ್ ಆದರೂ ಆ ಅಲುಗಾಟವನ್ನೇ ದಾಖಲಿಸುತ್ತದೆ.

ಕ್ಯಾಸೆಟ್ ಕೈಗೆ ಬಂದೊಡನೆ ಅದರ ಹಿಂಬದಿಯ ರೆಕಾರ್ಡ್ ಟ್ಯಾಬನ್ನು ಮುರಿಯುತ್ತೇನೆ. ತಪ್ಪಿ ಗುಂಡಿ ಒತ್ತಿದರೂ ಇದ್ದದ್ದು ಅಳಿಸಿಹೋಗಬಾರದು. ಆಮೇಲೆ ಕ್ಯಾಸೆಟ್‌ನ ಪಾರದರ್ಶಕ ಕಿಟಕಿಯ ಮೂಲಕ ಟೇಪಿನ ಸುರುಳಿಯ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಬಿಳಿಯ ಪುಡಿಯಂಥ ಬೂಷ್ಟು ಕಂಡರೆ ಆ ಕ್ಯಾಸೆಟ್ ಯಂತ್ರದೊಳಗೆ ಹೋಗುವಂತಿಲ್ಲ, ಏಕೆಂದರೆ ಬೂಷ್ಟು ಟೇಪನ್ನು ಓದುವ ಹೆಡ್‌ಗಳಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗಳಿಗೂ ದಾಟುತ್ತದೆ. ಶುದ್ಧವಾಗಿರುವ ಟೇಪನ್ನು ಕೊನೆಯವರೆಗೆ ಓಡಿಸಿ, ಮತ್ತೆ ಪೂರ್ತಿ ರಿವೈಂಡ್ ಮಾಡುತ್ತೇನೆ. ವರ್ಷಗಟ್ಟಲೆ ಅಲುಗಾಡದೆ ಕುಳಿತ ಸುರುಳಿಯ ಬಿಗಿತ ಇದರಿಂದ ಸಮವಾಗುತ್ತದೆ.

ವಿಸಿಆರ್‌ನ ಒಳಗಿರುವ ಹೆಡ್ ಡ್ರಮ್ ಪಾಲ್ ಪದ್ಧತಿಯಲ್ಲಿ (ಭಾರತದಲ್ಲಿ ಬಳಕೆಯಲ್ಲಿದ್ದ ಟಿವಿ ಪದ್ಧತಿ) ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಮೇಲಿನ ಎರಡು ಹೆಡ್‌ಗಳು ಒಂದೊಂದು ಸುತ್ತಿನಲ್ಲಿ ಒಂದೊಂದು ಫೀಲ್ಡನ್ನು (ಗೆರೆ ಬಿಟ್ಟು ಗೆರೆಯ ಅರ್ಧ ಚಿತ್ರವನ್ನು), ಅಂದರೆ ಸೆಕೆಂಡಿಗೆ ಒಟ್ಟು 50 ಫೀಲ್ಡ್‌ಗಳನ್ನು ಓದುತ್ತವೆ. ಈ ಹೆಡ್‌ಗಳ ಮೇಲೆ ಕೂತ ಕೊಳೆಯೇ ಪರದೆಯ ಮೇಲೆ ಬಿಳಿ ಗೆರೆಗಳಾಗಿ, ಕೆಲವೊಮ್ಮೆ ಇಡೀ ಚಿತ್ರವನ್ನೇ ನುಂಗುವ ಹಿಮಪಾತವಾಗಿ ಕಾಣಿಸಿಕೊಳ್ಳುತ್ತದೆ. ಯಂತ್ರದ ಪ್ಲಗ್ ಕಿತ್ತು, ಶಾಮ್ವಾ ಚರ್ಮದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಡ್ರಮ್ಮಿಗೆ ಮೆಲ್ಲಗೆ ತಾಗಿಸಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನೇ ತಿರುಗಿಸಬೇಕು. ಕಡ್ಡಿಯನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಹತ್ತಿಯ ಎಳೆ ಹೆಡ್‌ಗೆ ಸಿಕ್ಕಿಕೊಳ್ಳುವುದರಿಂದ ಹತ್ತಿ ಸುತ್ತಿದ ಕಡ್ಡಿಯನ್ನು ಅಲ್ಲಿ ಬಳಸುವುದೇ ಇಲ್ಲ.

ಇನ್ನು ಸಿಗ್ನಲ್‌ನ ಸ್ಥಿರತೆ. ಪಾಲ್ ಚಿತ್ರದ ಒಂದೊಂದು ಗೆರೆಯೂ 64 ಮೈಕ್ರೊಸೆಕೆಂಡ್‌ಗೊಮ್ಮೆ ಸರಿಯಾಗಿ ಆರಂಭವಾಗಬೇಕು. ಟೇಪು ಹಿಗ್ಗಿದಾಗ, ಓಟದ ಬಿಗಿತ ಏರುಪೇರಾದಾಗ ಗೆರೆಗಳು ಕೊಂಚ ಮೊದಲೋ ಕೊಂಚ ತಡವಾಗಿಯೋ ಶುರುವಾಗುತ್ತವೆ. ಚಿತ್ರದಲ್ಲಿ ಬಾಗಿಲಿನ ಚೌಕಟ್ಟನ್ನೋ ಕಂಬವನ್ನೋ ನೋಡಿದರೆ ಇದು ಕೂಡಲೇ ತಿಳಿಯುತ್ತದೆ: ನೆಟ್ಟಗಿರಬೇಕಾದ ಅಂಚು ಗರಗಸದ ಹಲ್ಲಾಗಿರುತ್ತದೆ, ಪರದೆಯ ತುದಿಯಲ್ಲಿ ಒಂದು ಬದಿಗೆ ವಾಲಿರುತ್ತದೆ. ಹಳೆಯ ಟಿವಿಗಳು ಇದನ್ನು ಸಹಿಸಿಕೊಳ್ಳುತ್ತಿದ್ದವು. ಕ್ಯಾಪ್ಚರ್ ಚಿಪ್ ಸಹಿಸುವುದಿಲ್ಲ. ಇದಕ್ಕೆ ಪರಿಹಾರ ಟೈಮ್ ಬೇಸ್ ಕರೆಕ್ಟರ್, ಬಳಕೆಯ ಮಾತಿನಲ್ಲಿ ಟಿಬಿಸಿ. ಗೆರೆಗಳನ್ನು ನೇರಗೊಳಿಸುವ ಲೈನ್ ಟಿಬಿಸಿ ಬೇರೆ, ಇಡೀ ಫ್ರೇಮನ್ನು ಹಿಡಿದಿಟ್ಟು ಸಮಯಕ್ಕೆ ಸರಿಯಾಗಿ ಹೊರಬಿಡುವ ಫ್ರೇಮ್ ಟಿಬಿಸಿ ಬೇರೆ. ಮೊದಲನೆಯದು ವಿಎಚ್‌ಎಸ್‌ನ ಸುಧಾರಿತ ರೂಪವಾದ ಎಸ್-ವಿಎಚ್‌ಎಸ್‌ನ ಕೆಲವು ಯಂತ್ರಗಳ ಒಳಗೇ ಇರುತ್ತದೆ. ಅಂಥ ಯಂತ್ರ ಸಿಗದಿದ್ದರೆ ಪ್ಯಾನಸಾನಿಕ್ ಡಿಎಂಆರ್-ಇಎಸ್10 ಮಾದರಿಯ ಡಿವಿಡಿ ರೆಕಾರ್ಡರನ್ನು ನಡುವೆ ಇಟ್ಟು, ಅದರಲ್ಲಿ ಏನನ್ನೂ ರೆಕಾರ್ಡ್ ಮಾಡದೆ ಸಿಗ್ನಲ್ಲನ್ನು ಅದರ ಮೂಲಕ ಹಾಯಿಸುವುದುಂಟು. ವಾಲಿದ ಅಂಚು ಅಷ್ಟರಿಂದಲೇ ನೆಟ್ಟಗಾಗುವುದನ್ನು ನೋಡಿದವರು ಈ ಹಂತವನ್ನು ಮತ್ತೆಂದೂ ಬಿಡಲಾರರು. ನನ್ನ ಮಟ್ಟಿಗಂತೂ ಇರುವ ಹಣವನ್ನು ಮೊದಲು ಹಾಕಬೇಕಾದದ್ದು ಇಲ್ಲಿಗೇ.

ವಿಸಿಆರ್‌ನಲ್ಲಿ ಎಸ್-ವಿಡಿಯೊ ಕಿಂಡಿ ಇದ್ದರೆ ಅದನ್ನೇ ಬಳಸುತ್ತೇನೆ. ವಿಎಚ್‌ಎಸ್ ಟೇಪಿನಲ್ಲಿ ಬೆಳಕಿನ ಮಾಹಿತಿಯೂ ಬಣ್ಣದ ಮಾಹಿತಿಯೂ ಬೇರೆ ಬೇರೆ ಆವರ್ತನಗಳಲ್ಲಿ ದಾಖಲಾಗಿರುತ್ತವೆ; ಎಸ್-ವಿಡಿಯೊ ಅವನ್ನು ಬೇರೆಯಾಗಿಯೇ ಕಳುಹಿಸುತ್ತದೆ. ಹಳದಿ ಕಾಂಪೊಸಿಟ್ ತಂತಿಯಲ್ಲಿ ಅವೆರಡನ್ನೂ ಬೆರೆಸಿ ಕಳುಹಿಸಿ, ಕಾರ್ಡಿನಲ್ಲಿ ಮತ್ತೆ ಬೇರ್ಪಡಿಸುವಾಗ ಅಂಚುಗಳಲ್ಲಿ ಸಣ್ಣ ಚುಕ್ಕೆಗಳು ತೆವಳತೊಡಗುತ್ತವೆ.

ಕ್ಯಾಪ್ಚರ್‌ಗೆ ನಾನು ಬಳಸುವುದು ವರ್ಚುವಲ್‌ಡಬ್ ಎಂಬ ತಂತ್ರಾಂಶ. ಗುಂಡಿ ಒತ್ತುವ ಮುನ್ನ ಟೇಪಿನ ಅತ್ಯಂತ ಬೆಳಕಿನ ದೃಶ್ಯವನ್ನೂ ಅತ್ಯಂತ ಕತ್ತಲಿನ ದೃಶ್ಯವನ್ನೂ ಹುಡುಕಿ, ಹಿಸ್ಟೊಗ್ರಾಮ್ (ಬೆಳಕಿನ ಮಟ್ಟಗಳ ನಕ್ಷೆ) ನೋಡುತ್ತಾ ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟನ್ನು ಹೊಂದಿಸುತ್ತೇನೆ. ಡಿಜಿಟಲ್ ವಿಡಿಯೊದಲ್ಲಿ 0ಯಿಂದ 255ರವರೆಗಿನ ಅಳತೆಯಲ್ಲಿ ಕಪ್ಪಿನ ಮಟ್ಟ 16, ಬಿಳಿಯ ಮಟ್ಟ 235. ಬಿಸಿಲಿನಲ್ಲಿ ನಿಂತವರ ಬಿಳಿ ಅಂಗಿಯ ಮಡಿಕೆಗಳು ಈ ಮಿತಿಯನ್ನು ಮೀರಿ ಕತ್ತರಿಸಿಹೋದರೆ ಆಮೇಲೆ ಯಾವ ತಂತ್ರಾಂಶವೂ ಅವನ್ನು ಮರಳಿ ತರಲಾರದು. ಆದ್ದರಿಂದ ಚಿತ್ರ ಸ್ವಲ್ಪ ಮಂಕಾಗಿ ಕಂಡರೂ ಚಿಂತೆಯಿಲ್ಲ ಎಂದು ಕೊಂಚ ಜಾಗ ಬಿಟ್ಟೇ ಹೊಂದಿಸುತ್ತೇನೆ.

ಫೈಲನ್ನು 720x576 ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮ್‌ಗಳಂತೆ, 4:2:2 ಬಣ್ಣದ ಮಾದರಿಯಲ್ಲಿ (ಬಣ್ಣದ ವಿವರ ಅಡ್ಡಕ್ಕೆ ಅರ್ಧವಿರುವ ಮಾದರಿ), ಹಫ್‌ವೈಯುವಿ ಎಂಬ ಲಾಸ್‌ಲೆಸ್ (ಏನನ್ನೂ ಕಳೆಯದೆ ಕುಗ್ಗಿಸುವ) ಕೊಡೆಕ್ ಬಳಸಿ ಉಳಿಸುತ್ತೇನೆ. ಅಮೆರಿಕ, ಜಪಾನ್‌ಗಳ ಎನ್‌ಟಿಎಸ್‌ಸಿ ಪದ್ಧತಿಯ ಟೇಪಾದರೆ ಅಳತೆ 720x480, ವೇಗ 29.97. ಯಾವ ಕುಗ್ಗಿಸುವಿಕೆಯೂ ಇಲ್ಲದಿದ್ದರೆ ಒಂದು ಗಂಟೆಯ ಪಾಲ್ ಚಿತ್ರ ಸುಮಾರು 75 ಜಿಬಿ ತಿನ್ನುತ್ತದೆ; ಹಫ್‌ವೈಯುವಿ ಅದನ್ನು ಅರ್ಧದ ಆಸುಪಾಸಿಗೆ ಇಳಿಸುತ್ತದೆ, ಆದರೂ ಒಂದು ಬಿಟ್ ಕೂಡ ಕಳೆದುಹೋಗುವುದಿಲ್ಲ. ವಿವರಗಳನ್ನು ಕಳೆದು ಕುಗ್ಗಿಸುವ ಎಚ್.264 ಕೊಡೆಕ್‌ಗೆ ನೇರವಾಗಿ ಇಳಿಸಿಕೊಳ್ಳುವುದು ಸುಲಭವೇನೋ ಹೌದು, ಆದರೆ ಟೇಪಿನ ಸಹಜ ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ಅಂಥ ಕೊಡೆಕ್‌ಗೆ ಭಾರವಾಗಿ, ಮುಖಗಳ ಮೇಲಿನ ಸೂಕ್ಷ್ಮ ವಿವರಗಳು ಚೌಕಚೌಕವಾಗಿ ಕದಡುತ್ತವೆ. ಡಿಇಂಟರ್‌ಲೇಸ್ ಮಾಡುವುದು (ಫೀಲ್ಡ್‌ಗಳನ್ನು ಪೂರ್ಣ ಫ್ರೇಮ್‌ಗಳಾಗಿಸುವುದು), ನಾಯ್ಸ್ ತೆಗೆಯುವುದು, ಅಂಚು ಕತ್ತರಿಸುವುದು ಇವಾವುದನ್ನೂ ಕ್ಯಾಪ್ಚರ್ ಹೊತ್ತಿನಲ್ಲಿ ಮಾಡಬಾರದು ಎಂಬುದು ನನ್ನ ಕಟ್ಟುನಿಟ್ಟಿನ ನಿಯಮ. ಫ್ರೇಮಿನ ಕೆಳಗೆ ಕಾಣುವ ಹರಿದಂಥ ಗೆರೆಗಳು ಒಂದು ಹೆಡ್‌ನಿಂದ ಇನ್ನೊಂದಕ್ಕೆ ದಾಟುವಾಗ ಮೂಡುವಂಥವು. ಟಿವಿಯಲ್ಲಿ ಅವು ಚೌಕಟ್ಟಿನ ಹಿಂದೆ ಅಡಗಿರುತ್ತಿದ್ದವು, ಮೂಲ ಪ್ರತಿಯಾದ ಮಾಸ್ಟರ್ ಫೈಲಿನಲ್ಲಿ ಇದ್ದರೆ ತೊಂದರೆಯಿಲ್ಲ.

ಧ್ವನಿಯನ್ನು 48 ಕಿಲೊಹರ್ಟ್ಸ್‌ನಲ್ಲಿ, ಕುಗ್ಗಿಸದೆ ತೆಗೆದುಕೊಳ್ಳುತ್ತೇನೆ. ಕ್ಯಾಪ್ಚರ್ ನಡೆಯುವಾಗ ಡ್ರಾಪ್ ಆದ, ಅಂದರೆ ದಾಖಲಾಗದೆ ತಪ್ಪಿಹೋದ ಫ್ರೇಮ್‌ಗಳ ಎಣಿಕೆಯ ಮೇಲೆ ಒಂದು ಕಣ್ಣಿರುತ್ತದೆ. ಅದು ಏರತೊಡಗಿದರೆ ತುಟಿಯ ಚಲನೆಗೂ ಮಾತಿಗೂ ತಾಳ ತಪ್ಪುತ್ತದೆ. ಆಗ ಅಲ್ಲಿಗೇ ನಿಲ್ಲಿಸಿ ಕಾರಣವನ್ನು ಮತ್ತೆ ಟೇಪು ಮತ್ತು ಟಿಬಿಸಿಯ ಕಡೆಯಿಂದಲೇ ಹುಡುಕುತ್ತಾ ಬರುತ್ತೇನೆ.

ನೋಡುವುದಕ್ಕೆಂದು ಕೊಡುವ ಪ್ರತಿ ಬೇರೆ. ಅದಕ್ಕೆ ಏವಿಸಿಂತ್ ಎಂಬ ತಂತ್ರಾಂಶದಲ್ಲಿ ಕ್ಯೂಟಿಜಿಎಂಸಿ ಎಂಬ ಡಿಇಂಟರ್‌ಲೇಸ್ ಸಾಧನ ಬಳಸಿ 50 ಫೀಲ್ಡ್‌ಗಳನ್ನು 50 ಪೂರ್ಣ ಫ್ರೇಮ್‌ಗಳಾಗಿ ಮಾಡುತ್ತೇನೆ, ಏಕೆಂದರೆ 25ಕ್ಕೆ ಇಳಿಸಿದರೆ ನಡೆಯುವವರ, ಓಡುವ ಮಕ್ಕಳ ಚಲನೆಯ ನಯ ಅರ್ಧ ಹೊರಟುಹೋಗುತ್ತದೆ. ಕೆಳಗಿನ ಹರಕು ಗೆರೆಗಳನ್ನು ಕಪ್ಪು ಪಟ್ಟಿಯಿಂದ ಮುಚ್ಚಿ, 4:3 ಅನುಪಾತವನ್ನು ಗುರುತು ಮಾಡಿ, ಆಮೇಲೆ ಎಚ್.264ಗೆ ಇಳಿಸುತ್ತೇನೆ.

ಲಾಸ್‌ಲೆಸ್ ಮಾಸ್ಟರ್ ಎರಡು ಪ್ರತ್ಯೇಕ ಡಿಸ್ಕ್‌ಗಳಲ್ಲಿ ಉಳಿಯುತ್ತದೆ. ಕ್ಯಾಸೆಟ್‌ಗಳನ್ನೂ ಎಸೆಯುವುದಿಲ್ಲ. ಹೆಡ್‌ನಿಂದ ಬರುವ ಮೂಲ ಆರ್‌ಎಫ್ (ಇನ್ನೂ ಸಂಸ್ಕರಿಸದ, ರೇಡಿಯೊ ಆವರ್ತನದ) ಸಿಗ್ನಲ್ಲನ್ನೇ ಸೆರೆಹಿಡಿದು, ವಿಸಿಆರ್ ಮಾಡುತ್ತಿದ್ದ ಉಳಿದ ಕೆಲಸವನ್ನೆಲ್ಲ ಕಂಪ್ಯೂಟರ್‌ನಲ್ಲಿ ಮಾಡುವ ವಿಎಚ್‌ಎಸ್-ಡಿಕೋಡ್ ಎಂಬ ಮುಕ್ತ ತಂತ್ರಾಂಶ ಈಗಾಗಲೇ ಇದೆ, ಅದೇ ಟೇಪನ್ನು ಅದರಿಂದ ಮತ್ತೊಮ್ಮೆ ಓದಿಸುವ ಅವಕಾಶವನ್ನು ಕಳೆದುಕೊಳ್ಳಬಾರದು. ಹಾಗಾಗಿ ಕ್ಯಾಸೆಟ್‌ಗಳನ್ನು ಪೂರ್ತಿ ರಿವೈಂಡ್ ಮಾಡಿ, ಮಾಸ್ಟರ್ ಫೈಲಿನ ಹೆಸರನ್ನು ಬೆನ್ನಿನ ಮೇಲೆ ಬರೆದು, ತೇವವಿಲ್ಲದ ಕಡೆ ಪುಸ್ತಕಗಳಂತೆ ನೆಟ್ಟಗೆ ಜೋಡಿಸಿಡುತ್ತೇನೆ.